ನಮ್ಮ ಜಿಪ್ಸಿಯ ಸೊಂಟ ನೆಟ್ಟಗಾದದ್ದು

ಪರಸ್ಥಳದಲ್ಲಿ ನೆಲೆಸಿದ ಕನ್ನಡಿಗರ ಸಂಸಾರಕ್ಕೆ ಸಾಮಾನ್ಯವಾಗಿ ಎರಡು ಮನೆ. ಒಂದು, ತಿಂಗಳು ತಿಂಗಳಿಗೆ ಕಂತು ಕಟ್ಟುವ ಪಟ್ಟಣದ ಮನೆ. ಇನ್ನೊಂದು, ರಜೆ ಬಂದಾಗ ಕಣ್ಣ ಮುಂದೆ ನಿಲ್ಲುವ ಊರ ಮನೆ. ಇಪ್ಪತ್ತೆಂಟು ವರ್ಷಗಳಿಂದ ಪುಣೆಯಲ್ಲಿರುವ ನಮಗೂ ಹೀಗೆಯೇ. ನಮ್ಮ ಊರ ಮನೆ ಇರುವುದು ತೀರ್ಥಹಳ್ಳಿಯ ಆಚೆ, ಅಡಕೆ ತೋಟದ ನೆತ್ತಿಯ ಮೇಲೆ. ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ, ಹಾವೇರಿಗಳನ್ನು ದಾಟಿ ಶಿವಮೊಗ್ಗದ ತನಕ ಬರುವ ಹಾದಿ ನಮ್ಮನ್ನು ಎಂದೂ ಕಾಡಿದ್ದಿಲ್ಲ. ಕಾಡುವುದು ಡಾಂಬರು ಮುಗಿದ ಮೇಲಿನ ಒಂದೂವರೆ ಕಿಲೋಮೀಟರು. ಅದು ಮಣ್ಣಿನ ರಸ್ತೆ. ಗಾಲಿ ಓಡಿ ಓಡಿ ಎರಡು ಪಕ್ಕಕ್ಕೂ ಕೊರಕಲು ಬಿದ್ದಿದೆ, ನಡುವೆ ಹುಲ್ಲು ಬೆಳೆದ ದಿಬ್ಬ ಹಸುವಿನ ಬೆನ್ನಿನ ಹಾಗೆ ಎದ್ದು ನಿಂತಿದೆ.

2023ರ ಜುಲೈಯಲ್ಲಿ ನಾವು ಊರಲ್ಲಿದ್ದಾಗ ಅಮ್ಮನಿಗೆ ಜ್ವರ ಬಂದು ಉಬ್ಬಸ ಹೆಚ್ಚಿತು. ಅಮ್ಮನಿಗೆ ಆಗ ಎಂಬತ್ತೊಂದು ವರ್ಷ. ಹೊರಗೆ ಮೂರು ದಿನದಿಂದ ಬಿಡದ ಮಳೆ. ತೀರ್ಥಹಳ್ಳಿಯ ಆಸ್ಪತ್ರೆಗೆಂದು ಜಿಪ್ಸಿಯಲ್ಲಿ ಹೊರಟು ಅರ್ಧ ದಾರಿಗೆ ಬಂದೆವು. ಹಲಸಿನ ಮರದ ತಿರುವಿನಲ್ಲಿ ಗಾಡಿಯ ಹೊಟ್ಟೆ ದಿಬ್ಬದ ಮೇಲೆ ಕುಳಿತೇ ಬಿಟ್ಟಿತು. ನಾಲ್ಕು ಗಾಲಿಗಳಿಗೂ ಬಲ ಹೋಗುವ ಗಾಡಿ ಎಂಬ ನಮ್ಮ ಜಂಬವೆಲ್ಲ ಆ ಕೆಸರಿನಲ್ಲಿ ಕರಗಿತು. ಗಾಲಿಗೆ ನೆಲದ ಮೇಲೆ ಭಾರವೇ ಇಲ್ಲದಿದ್ದ ಮೇಲೆ ನಾಲ್ಕಿದ್ದರೇನು, ನಲವತ್ತಿದ್ದರೇನು? ಕೊನೆಗೆ ತೋಟದ ಆಳುಗಳಿಬ್ಬರು ಅಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ, ಮೇಲೊಂದು ಕೊಡೆ ಹಿಡಿದು, ಡಾಂಬರು ರಸ್ತೆಯ ತನಕ ಹೊತ್ತು ತಂದರು. ಅಲ್ಲಿಂದ ಆಟೋರಿಕ್ಷಾ. ದೇವರ ದಯೆಯಿಂದ ಅಮ್ಮ ನಾಲ್ಕೇ ದಿನಗಳಲ್ಲಿ ಚೇತರಿಸಿಕೊಂಡರು. ಆದರೆ ಆ ಕುರ್ಚಿಯ ಮೆರವಣಿಗೆ ನಮ್ಮ ಕಣ್ಣಿನಿಂದ ಮಾಯವಾಗಲಿಲ್ಲ.

ಇಷ್ಟು ಪೀಠಿಕೆ ಹಾಕಿದ್ದಕ್ಕೆ ಕಾರಣವಿದೆ. ಹಳೆಯ ಜೀಪು, ಜಿಪ್ಸಿ, ಸಫಾರಿಗಳನ್ನು ಇಟ್ಟುಕೊಂಡು ವರ್ಷಕ್ಕೊಮ್ಮೆ ಮಲೆನಾಡಿಗೋ ಕೊಡಗಿಗೋ ಹೋಗಿ ಬರುವ ಮನೆತನಗಳು ನಮ್ಮ ಸಂಘದಲ್ಲಿ ಹಲವಿವೆ. ಗಾಡಿಯನ್ನು ಎತ್ತರ ಮಾಡಿಸಬೇಕೆಂಬ ಹಂಬಲ ಅವರಲ್ಲಿ ಒಬ್ಬರಿಗಲ್ಲ ಒಬ್ಬರಿಗೆ ಬಂದೇ ಬರುತ್ತದೆ. ನಾವು ಈ ವಿಷಯದಲ್ಲಿ ಕೈ ಸುಟ್ಟುಕೊಳ್ಳುವುದರಲ್ಲಿದ್ದು ಹೇಗೋ ಪಾರಾದೆವು.

ನಮ್ಮದು 1998ರ ಜಿಪ್ಸಿ ಕಿಂಗ್. ಜಪಾನಿನ ಸುಜುಕಿಯವರ ಎಸ್‌ಜೆ 410 ಎಂಬ ಪುಟ್ಟ ಕಾಡುಗಾಡಿಯ ಉದ್ದದ ಮಾದರಿಯನ್ನೇ ಮಾರುತಿ ಉದ್ಯೋಗದವರು 1985ರ ಕೊನೆಯಲ್ಲಿ ಜಿಪ್ಸಿ ಎಂಬ ಹೆಸರಿನಿಂದ ನಮ್ಮ ದೇಶದ ರಸ್ತೆಗೆ ತಂದರು. ಮೊದಲಿನದಕ್ಕೆ 970 ಸಿ.ಸಿ. ಎಂಜಿನ್. 1993ರಲ್ಲಿ ಗಾಲಿಗಳ ನಡುವಿನ ಅಗಲ ಹೆಚ್ಚಿತು. 1996ರಲ್ಲಿ 1300 ಸಿ.ಸಿ. ಎಂಜಿನ್ನಿನ ಕಿಂಗ್ ಬಂದಿತು. 2019ರ ವೇಳೆಗೆ ಸಾಮಾನ್ಯ ಗ್ರಾಹಕರಿಗೆ ಅದರ ಮಾರಾಟ ನಿಂತುಹೋಯಿತು. ಇಷ್ಟು ವರ್ಷವೂ ಬದಲಾಗದೆ ಉಳಿದದ್ದು ಅದರ ಕಾಲು. ಮುಂದೆ ಹಿಂದೆ ಎರಡು ಕಡೆಗೂ ಗಟ್ಟಿ ಅಚ್ಚು. ಆ ಅಚ್ಚುಗಳನ್ನು ಹೊತ್ತು ನಿಂತದ್ದು ಎತ್ತಿನ ಗಾಡಿಯ ಕಾಲದಿಂದ ನಾವು ಕಂಡಿರುವ ಕಮಾನು ಪಟ್ಟಿಗಳು. ಈ ಪಟ್ಟಿಗಳ ಕಟ್ಟು ಅಚ್ಚಿನ ಕೆಳಗೆ ಇರುತ್ತದೆಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಮಾತು ಬರುತ್ತದೆ.

ಪುಣೆಗೆ ಮರಳಿದ ಮೇಲೆ ನಮ್ಮ ಚಿಕ್ಕ ಮಗ ತನ್ನ ಯೋಜನೆಯನ್ನು ಮುಂದಿಟ್ಟ. "ಅಪ್ಪಾ, ನಾಲ್ಕು ಇಂಚು ಏರಿಸಿಬಿಡೋಣ. ಕಿಟ್ ಸಿಗುತ್ತೆ. ಎರಡು ದಿನದ ಕೆಲಸ." ಅವನ ಸ್ನೇಹಿತನೊಬ್ಬನ ಜಿಪ್ಸಿಯನ್ನು ಹಾಗೆ ಏರಿಸಿದ್ದರು. ಅದನ್ನು ಮನೆಯ ಮುಂದೆ ತಂದು ನಿಲ್ಲಿಸಿದಾಗ ನಮಗೂ ಆಸೆಯಾಯಿತೆಂದು ಒಪ್ಪಿಕೊಳ್ಳುತ್ತೇವೆ. ನೋಟಕ್ಕೆ ಅದು ಹಬ್ಬದ ಹೋರಿಯಂತಿತ್ತು. ಒಳಗೆ ಕುಳಿತು ಅರವತ್ತರ ವೇಗಕ್ಕೆ ಹೋದಾಗ ಮಾತ್ರ ಸ್ಟೀರಿಂಗು ಕೈಯಲ್ಲಿ ನಿಲ್ಲದೆ ಎಡಕ್ಕೂ ಬಲಕ್ಕೂ ಅಲೆಯತೊಡಗಿತು. ಕೆಳಗಿನಿಂದ ಗುರ್ ಎಂಬ ಒಂದು ನಡುಕ ಬೇರೆ. "ಅದು ಹಾಗೇ ಇರುತ್ತೆ ಅಂಕಲ್" ಎಂದು ಆ ಹುಡುಗ ಸಮಾಧಾನ ಹೇಳಿದ. ನಮಗೆ ಸಮಾಧಾನವಾಗಲಿಲ್ಲ.

ಅಮ್ಮನಿಗೆ ಫೋನಿನಲ್ಲಿ ಈ ಸಮಾಚಾರ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ಹತ್ತಕ್ಕೇ ಆಗದ ಗಾಡಿ ಕಟ್ಟಿಕೊಂಡು ಎಂಥ ಮಾಡ್ತೀಯ ಮಾರಾಯ?" ಮಗ ನಕ್ಕ. ನಾವು ನಗಲಿಲ್ಲ. ಆಗಲೇ ಅಮ್ಮ ಜಿಪ್ಸಿ ಹತ್ತುವುದು ಕೆಳಗೊಂದು ಮಣೆ ಇಟ್ಟು, ಬಾಗಿಲ ಕಂಬ ಹಿಡಿದು, ಯಾರಾದರೂ ಹಿಂದಿನಿಂದ ಆನಿಸಿಕೊಂಡ ಮೇಲೆ. ಅದರ ಮೇಲೆ ಇನ್ನೂ ನಾಲ್ಕು ಅಂಗುಲವೆಂದರೆ ಏಣಿಯೇ ಬೇಕಾಗುತ್ತದೆ. ಯಾರಿಗಾಗಿ ಗಾಡಿ ಎತ್ತರವಾಗಬೇಕೋ ಅವರೇ ಕೆಳಗುಳಿಯುವುದಾದರೆ ಈ ಖರ್ಚೇಕೆ?

ನಮ್ಮ ಗಾಡಿಯನ್ನು ಹದಿನೈದು ವರ್ಷಗಳಿಂದ ನೋಡಿಕೊಳ್ಳುವ ಮರಾಠಿ ಮೇಸ್ತ್ರಿಯೊಬ್ಬರಿದ್ದಾರೆ. ಮಾತು ಕಡಿಮೆ, ಬೀಡಿ ಹೆಚ್ಚು. ಅವರು ಕಿಟ್ಟಿನ ಮಾತನ್ನೆಲ್ಲ ಕೇಳಿ, ಗಾಡಿಯನ್ನು ಗುಂಡಿಯ ಮೇಲೆ ನಿಲ್ಲಿಸಿ, ಕೈಗೆ ದೀಪ ಕೊಟ್ಟು, "ಮೊದಲು ಎಲ್ಲಿ ತಾಗಿದೆ ನೋಡಿ" ಎಂದರು. ಇಷ್ಟು ವರ್ಷ ಓಡಿಸಿದ ಗಾಡಿಯ ಹೊಟ್ಟೆಯನ್ನು ನಾವು ಸರಿಯಾಗಿ ನೋಡಿದ್ದು ಅಂದೇ. ಗಾಯಗಳೆಲ್ಲ ಅಲ್ಲಿ ಬರೆದಿಟ್ಟಂತಿದ್ದವು: ನಡುವಿನ ಅಡ್ಡಪಟ್ಟಿಯಲ್ಲಿ ಹೊಸ ಗೀರು, ಹೊಗೆ ಕೊಳವೆಯಲ್ಲಿ ಜಜ್ಜು, ಹಿಂದಿನ ಕೊಕ್ಕೆಯಲ್ಲಿ ಕೆಮ್ಮಣ್ಣು. ಅಚ್ಚಿನ ನಡುವೆ ಗಡಿಗೆಯಂತೆ ಉಬ್ಬಿರುವ ಡಿಫರೆನ್ಷಿಯಲ್ ಮಾತ್ರ ಸ್ವಚ್ಛವಾಗಿತ್ತು.

ಇದರ ಅರ್ಥವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಮಾನನ್ನು ಎಷ್ಟೇ ಎತ್ತರ ಮಾಡಿದರೂ ಏಳುವುದು ಕಮಾನಿನ ಮೇಲಿರುವ ಒಡಲು ಮಾತ್ರ. ಅಚ್ಚು ಗಾಲಿಯ ನಡುವಿನಲ್ಲಿ ಸಿಕ್ಕಿಸಿದ್ದು. ಗಾಲಿ ದೊಡ್ಡದಾಗದೆ ಅಚ್ಚು ಕೂದಲೆಳೆಯಷ್ಟೂ ಏಳುವುದಿಲ್ಲ. ನಾಲ್ಕು ಅಂಗುಲದ ಕಿಟ್ ಹಾಕಿಸಿ ಡಿಫರೆನ್ಷಿಯಲನ್ನು ಕಲ್ಲಿಗೆ ಬಡಿದುಕೊಂಡವರು ಎಷ್ಟೋ ಮಂದಿ ಇದ್ದಾರೆ. ನಮಗೆ ತಾಗಿದ್ದು ಅಚ್ಚಲ್ಲ, ಹೊಟ್ಟೆ. ಆದ್ದರಿಂದ ಕಮಾನಿನಿಂದ ನಮಗೆ ಪ್ರಯೋಜನವಿತ್ತು. ಆದರೆ ಎಷ್ಟು ಬೇಕು?

ಇದಕ್ಕೆ ಮೇಸ್ತ್ರಿ ಹೇಳಿಕೊಟ್ಟ ಅಳತೆ ಬಹಳ ಸರಳ. ಗಾಲಿಯ ನಡುಬಿಂದುವಿನಿಂದ ನೇರ ಮೇಲಕ್ಕೆ ಮಡ್‌ಗಾರ್ಡಿನ ಅಂಚಿನ ತನಕ ಟೇಪು ಹಿಡಿಯುವುದು. ನೆಲದಿಂದ ಅಳೆದರೆ ಟಯರಿನ ಗಾಳಿ, ಸವೆತ ಎಲ್ಲ ಸೇರಿ ಲೆಕ್ಕ ಕೆಡುತ್ತದೆ. ಇದರಲ್ಲಿ ಕಮಾನಿನ ಸ್ಥಿತಿಯಷ್ಟೇ ಕಾಣುತ್ತದೆ. ಅಳೆದೆವು. ಹಿಂದೆ ಎಡಕ್ಕಿಂತ ಬಲಗಡೆ 18 ಮಿಲಿಮೀಟರು ತಗ್ಗು. ಸರಿ, ಹೊಸದರಲ್ಲಿ ಎಷ್ಟಿತ್ತು? ನಮ್ಮ ಕಾಲೊನಿಯ ಹಿಂದಿನ ಬೀದಿಯಲ್ಲಿ ನಿವೃತ್ತ ಸೈನ್ಯಾಧಿಕಾರಿಯೊಬ್ಬರ ಜಿಪ್ಸಿ ಇದೆ. ನಮ್ಮದಕ್ಕಿಂತ ಒಂದೇ ವರ್ಷ ಚಿಕ್ಕದು; ಆದರೆ ಹೊದಿಕೆಯಿಂದ ಹೊರಗೆ ಬರುವುದು ಭಾನುವಾರಕ್ಕೊಮ್ಮೆ. ಅವರ ಅಪ್ಪಣೆ ಪಡೆದು ಟೇಪು ಹಿಡಿದೆವು. ಹಿಂದುಗಡೆ ನಮ್ಮದಕ್ಕಿಂತ 44 ಮಿಲಿಮೀಟರು ಎತ್ತರ, ಮುಂದೆ 30! ಅಂದರೆ ಹೆಚ್ಚುಕಡಿಮೆ ಎರಡು ಅಂಗುಲ ನಮ್ಮ ಗಾಡಿ ತನ್ನಷ್ಟಕ್ಕೆ ಕುಸಿದಿತ್ತು. ನಾವು ದುಡ್ಡು ಕೊಟ್ಟು ಕೊಳ್ಳಹೊರಟಿದ್ದ ಎತ್ತರದಲ್ಲಿ ಅರ್ಧದಷ್ಟು ಒಂದು ಕಾಲಕ್ಕೆ ನಮ್ಮದೇ ಆಗಿತ್ತು.

ಕುಸಿದದ್ದು ಹೇಗೆಂದು ಯೋಚಿಸಿದರೆ ನಾಚಿಕೆಯಾಗುತ್ತದೆ. ಮುಂದೆ ಕಬ್ಬಿಣದ ದಪ್ಪ ಬಂಪರು, ಮೇಲೆ ಸಾಮಾನಿನ ಜಾಲರಿ, ಹಿಂದೆ ಎರಡು ಎಣ್ಣೆ ಡಬ್ಬಿ, ಸರಪಳಿ, ಜಾಕು, ಊರಿಂದ ಬರುವಾಗ ಪ್ರತಿಸಲ ಎರಡು ಮೂಟೆ ತೆಂಗಿನಕಾಯಿ, ಒಂದು ಡಬ್ಬಿ ಜೋನಿಬೆಲ್ಲ, ಹಪ್ಪಳದ ಗಂಟು. ಉಕ್ಕಿನ ಪಟ್ಟಿ ಭಾರ ಹೊತ್ತು ಬಾಗುತ್ತದೆ, ಇಳಿಸಿದಾಗ ಏಳುತ್ತದೆ. ಆದರೆ ಲಕ್ಷಾಂತರ ಸಲ ಬಾಗಿ ಎದ್ದ ಮೇಲೆ, ಅದರಲ್ಲೂ ಮಿತಿಮೀರಿದ ಭಾರದಲ್ಲಿ, ಪೂರ್ತಿ ಏಳುವುದನ್ನು ಬಿಡುತ್ತದೆ. ಬಾಗು ಹೋಗಿ ಚಪ್ಪಟೆಯಾಗುತ್ತದೆ. ತಪ್ಪು ಬಂಡಿಯದಲ್ಲ. ಅಂದೇ ಸಂಜೆ ಹಿಂದಿನ ಪೆಟ್ಟಿಗೆಯನ್ನು ಖಾಲಿ ಮಾಡಿದೆವು. ನಮ್ಮ ಮನೆಯವರು ಮೂರು ವರ್ಷದಿಂದ ಹುಡುಕುತ್ತಿದ್ದ ಒರಳುಕಲ್ಲಿನ ಗುಂಡು ಅಲ್ಲಿ ಸಿಕ್ಕಿತು. ಎಲ್ಲ ಇಳಿಸಿದ ಮೇಲೆ ಹಿಂಭಾಗ ಒಂದು ಬೆರಳಗಲ ಎದ್ದು ನಿಂತಿತು. ಕಾಸಿಲ್ಲದೆ ಸಿಕ್ಕ ಎತ್ತರ ಅದೊಂದೇ.

ಇನ್ನು ಉಳಿದದ್ದನ್ನು ಗಳಿಸುವ ದಾರಿಗಳು. ಹೆದ್ದಾರಿಯ ಪಕ್ಕದಲ್ಲಿ 'ಕಮಾನ್ ಪಾಟಾ' ಎಂದು ಹಲಗೆ ಹಾಕಿಕೊಂಡ ಅಂಗಡಿಗಳನ್ನು ಮಹಾರಾಷ್ಟ್ರದ ನಮ್ಮವರೆಲ್ಲ ನೋಡಿರುತ್ತೀರಿ. ಅಲ್ಲಿ ಹಳೆಯ ಪಟ್ಟಿಯನ್ನು ಬಿಚ್ಚಿ, ಸುತ್ತಿಗೆಯಿಂದ ಬಡಿದು, ಮತ್ತೆ ಬಾಗು ಕೊಡುತ್ತಾರೆ. ಅಗ್ಗದ ಕೆಲಸ. ಕೆಲವು ತಿಂಗಳು ಚೆನ್ನಾಗಿಯೂ ಇರುತ್ತದೆ. ಆದರೆ ದಣಿದ ಉಕ್ಕಿಗೆ ಪೆಟ್ಟಿನಿಂದ ಆಯಸ್ಸು ಬರುವುದಿಲ್ಲ; ಬೇಗನೆ ಮತ್ತೆ ಕುಸಿಯುತ್ತದೆ. ಬೆಂಕಿಯಲ್ಲಿ ಕಾಯಿಸಿ ಬಗ್ಗಿಸಿದರಂತೂ ಕಾರ್ಖಾನೆಯಲ್ಲಿ ಕೊಟ್ಟ ಹದವೇ ಹಾರಿಹೋಗುತ್ತದೆ. ಸರಿಯಾಗಿ ಮತ್ತೆ ಹದ ಹಾಕಲು ತಕ್ಕ ಕುಲುಮೆ ಬೇಕು. ಎರಡನೆಯದು, ಇದ್ದ ಕಟ್ಟಿಗೆ ಇನ್ನೊಂದು ಪಟ್ಟಿ ಸೇರಿಸುವುದು. ಎತ್ತರ ಬರುತ್ತದೆ, ಜೊತೆಗೆ ಪೆಡಸುತನವೂ ಬರುತ್ತದೆ. ಜಿಪ್ಸಿ ಖಾಲಿಯಿದ್ದಾಗ ಮೊದಲೇ ಮೇಕೆಮರಿಯ ಹಾಗೆ ಕುಣಿಯುವ ಗಾಡಿ. ಅಮ್ಮನ ಸೊಂಟವನ್ನು ನೆನೆದು ಅದನ್ನು ಬಿಟ್ಟೆವು.

ಮೂರನೆಯದು ಶ್ಯಾಕಲ್ಲಿನ ಉಪಾಯ. ಕಮಾನಿನ ಒಂದು ತುದಿಯನ್ನು ಚಾಸಿಗೆ ನೇರವಾಗಿ ಬಿಗಿದಿರುತ್ತಾರೆ. ಇನ್ನೊಂದು ತುದಿ ಎರಡು ಚಿಕ್ಕ ತಗಡುಗಳಿಂದ ತೂಗುತ್ತಿರುತ್ತದೆ, ಪಟ್ಟಿ ಚಪ್ಪಟೆಯಾದಾಗ ಉದ್ದವಾಗಲು ಎಡೆಬೇಕಲ್ಲ, ಅದಕ್ಕಾಗಿ. ಈ ತಗಡನ್ನು ಎರಡು ಅಂಗುಲ ಉದ್ದ ಮಾಡಿದರೆ ಗಾಡಿ ಒಂದು ಅಂಗುಲ ಏಳುತ್ತದೆ. ಆದರೆ ಜಿಪ್ಸಿಯ ಮುಂಗಮಾನಿನಲ್ಲಿ ಈ ತೂಗುವ ತುದಿ ಇರುವುದು ಮುಂದುಗಡೆ. ಅದು ಕೆಳಗಿಳಿದರೆ ಅಚ್ಚೇ ಮುಂದಕ್ಕೆ ತಿರುಚಿಕೊಳ್ಳುತ್ತದೆ. ಬೈಸಿಕಲ್ಲಿನ ಮುಂಗವೆಯನ್ನು ನೋಡಿ: ಅದು ನೆಟ್ಟಗಿಲ್ಲ, ತಲೆ ಹಿಂದಕ್ಕೆ ವಾಲಿದೆ. ಆ ಓರೆಯಿಂದಲೇ ಕೈಬಿಟ್ಟರೂ ಸೈಕಲ್ಲು ನೇರ ಹೋಗುತ್ತದೆ. ಮೋಟಾರಿನ ಮುಂಗಾಲಿಗೂ ಅದೇ ಓರೆ ಇಟ್ಟಿರುತ್ತಾರೆ. ಉದ್ದ ಶ್ಯಾಕಲ್ಲು ಹಾಕಿದಾಗ ಆ ಓರೆ ಕಡಿಮೆಯಾಗಿ ಸ್ಟೀರಿಂಗು ಅಲೆಯುತ್ತದೆ. ಮಗನ ಸ್ನೇಹಿತನ ಗಾಡಿಗೆ ಆಗಿದ್ದುದು ಇದೇ ಎಂದು ಮೇಸ್ತ್ರಿ ಒಮ್ಮೆ ಬಗ್ಗಿ ನೋಡಿಯೇ ಹೇಳಿಬಿಟ್ಟರು. ಆ ಗುರ್ ಎಂಬ ನಡುಕ ಪ್ರೊಪೆಲ್ಲರ್ ಶಾಫ್ಟಿನದು. ಜಿಪ್ಸಿಯಲ್ಲಿ ಮುಂದಕ್ಕೂ ಹಿಂದಕ್ಕೂ ಬಲ ಹಂಚುವ ಪೆಟ್ಟಿಗೆ ಗೇರ್‌ಬಾಕ್ಸಿನಿಂದ ಬೇರೆಯಾಗಿ ಚಾಸಿಗೆ ತೂಗಿಕೊಂಡಿದೆ. ಒಡಲು ಏರಿದರೆ ಅದೂ ಏರುತ್ತದೆ, ಅಚ್ಚು ಏರುವುದಿಲ್ಲ. ನಡುವಿನ ಶಾಫ್ಟು ಕಡಿದಾದ ಇಳಿಜಾರಾಗಿ ಅದರ ಕೀಲುಗಳು ಬೇಗ ಸವೆಯುತ್ತವೆ.

ಕೊನೆಯದು, ಅಚ್ಚಿನ ಕೆಳಗಿನ ಕಮಾನನ್ನು ಅಚ್ಚಿನ ಮೇಲಕ್ಕೆ ಸಾಗಿಸುವುದು. ಒಮ್ಮೆಲೇ ಐದು ಅಂಗುಲದಷ್ಟು ಏರುತ್ತದೆ. ಅದಕ್ಕೆ ಬೆಸುಗೆ, ಸ್ಟೀರಿಂಗಿನ ಹೊಸ ಸರಳು, ಉದ್ದದ ಬ್ರೇಕ್ ನಳಿಕೆ, ಎಲ್ಲವೂ ಬೇಕು. ಕಾಡಿನಲ್ಲಿ ಪಂದ್ಯ ಓಡಿಸುವವರಿಗೆ ಅದು ಇರಲಿ. ಮನೆಮಂದಿಯನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಏಳುನೂರು ಕಿಲೋಮೀಟರು ಹೋಗುವ ಗಾಡಿಗೆ ಅದು ತರವಲ್ಲವೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಹೀಗೆ ತೂಗುಯ್ಯಾಲೆಯಲ್ಲಿರುವಾಗ ಅಮೆರಿಕದಿಂದ ನಮ್ಮ ಸೋದರಳಿಯ ಬಂದ. ಅವನಿಗೂ ಹಳೆಯ ಜೀಪಿನ ಹುಚ್ಚು. ಅಲ್ಲಿನವರು ಇಂಥ ಪರಿಸ್ಥಿತಿಯಲ್ಲಿ ಮಾಡುವುದೇನೆಂದು ಅವನು ಹೇಳಿದ್ದು ನಮ್ಮ ಮಗನ ಕಿವಿಯನ್ನೂ ನೆಟ್ಟಗೆ ಮಾಡಿತು. 1993ರಿಂದ 98ರ ತನಕದ ಗ್ರ್ಯಾಂಡ್ ಚೆರೋಕಿ ಎಂಬ ಜೀಪಿಗೆ ಕಂಪನಿಯೇ ಒಂದಕ್ಕಿಂತ ಹೆಚ್ಚು ಬಗೆಯ ಸುರುಳಿ ಸ್ಪ್ರಿಂಗುಗಳನ್ನು ಮಾಡಿತ್ತು. ಆರು ಸಿಲಿಂಡರಿನ ಗಾಡಿಗೊಂದು. ಎಂಟು ಸಿಲಿಂಡರಿನ ತೂಕದ ಎಂಜಿನ್ನಿಗೆ ಅದಕ್ಕಿಂತ ಬಿರುಸಾದ ಇನ್ನೊಂದು. ಹಳ್ಳಿದಾರಿಯವರಿಗೆಂದು 'ಅಪ್ ಕಂಟ್ರಿ' ಎಂಬ ಹೆಸರಿನಲ್ಲಿ ಸುಮಾರು ಒಂದು ಅಂಗುಲ ಎತ್ತರದ ಮತ್ತೊಂದು. ಗುಜರಿಯಲ್ಲಿ ಬಿದ್ದ ಗಾಡಿಯಿಂದ ಈ ಎತ್ತರದ ಸ್ಪ್ರಿಂಗನ್ನು ಬಿಚ್ಚಿ ತಂದು ಆರು ಸಿಲಿಂಡರಿನದಕ್ಕೆ ಹಾಕಿದರೆ, ಕಡಿಮೆ ಭಾರದ ಕೆಳಗೆ ಬಲವಾದ ಸ್ಪ್ರಿಂಗು ಕಡಿಮೆ ಕುಗ್ಗಿ ಗಾಡಿ ಎದ್ದು ನಿಲ್ಲುತ್ತದೆ. 1984ರಿಂದ 2001ರ ವರೆಗೆ ತಯಾರಾದ ಸಾದಾ ಚೆರೋಕಿಯ ಮುಂಭಾಗಕ್ಕೂ ಅವೇ ಸುರುಳಿಗಳು ಕೂರುತ್ತವೆ. ಅಚ್ಚನ್ನು ಅಡ್ಡ ಹಿಡಿದಿರುವ ಒಂದು ಸರಳು ಆ ಗಾಡಿಗಳಲ್ಲಿರುವುದರಿಂದ ಒಡಲು ಏರಿದಷ್ಟೂ ಅಚ್ಚು ಪಕ್ಕಕ್ಕೆ ಸರಿಯುತ್ತದೆ. ಆದರೆ ಒಂದು ಅಂಗುಲಕ್ಕೆ ಅದು ಗಣನೆಗೆ ಬರುವಂಥದಲ್ಲವಂತೆ. "ಕಂಪನಿ ಲೆಕ್ಕ ಹಾಕಿ ಬಿಟ್ಟ ಮಿತಿಯೊಳಗೇ ಇರ್ತೀವಲ್ಲ ಮಾವ, ಅದಕ್ಕೇ ಏನೂ ಮುರಿಯಲ್ಲ" ಎಂದ ಅಳಿಯ.

ನಮಗೆ ದಾರಿ ಕಂಡಿತು. ನಮ್ಮ ಜಿಪ್ಸಿಗೂ ತವರಿನ ಕಮಾನೇ ಆಗಲಿ. ಎರವಲಿನ ಎತ್ತರ ಬೇಡ.

ಹೇಳುವುದು ಸುಲಭ, ಸಾಮಾನು ಸಿಗುವುದು ಕಷ್ಟ. ಮೊದಲು ಹೋದ ಅಂಗಡಿಯವನು "ಅಸಲು ಮಾಲು ಸಾರ್" ಎಂದು ಕೊಟ್ಟದ್ದನ್ನು ಮನೆಗೆ ತಂದು ಅಂಗಳದಲ್ಲಿ ಜೋಡಿಸಿಟ್ಟೆವು. ಮೇಸ್ತ್ರಿ ಕಮಾನಿನ ಈ ಕಣ್ಣಿನಿಂದ ಆ ಕಣ್ಣಿಗೆ ದಾರ ಎಳೆದು, ನಡುವಿನಲ್ಲಿ ದಾರಕ್ಕೂ ಪಟ್ಟಿಗೂ ಇರುವ ಅಂತರ ಅಳೆದರು. ಎಡದ್ದಕ್ಕೂ ಬಲದ್ದಕ್ಕೂ ಅರ್ಧ ಅಂಗುಲ ವ್ಯತ್ಯಾಸ! ಹೊಸದರಲ್ಲೇ ಹೀಗಾದರೆ ಹಳೆಯದರ ಗತಿಯೇನು? ಅಚ್ಚು ಹಾಕಿದ ಚೀಟಿಯೂ ಮಸುಕಾಗಿತ್ತು. ಹಿಂದಿರುಗಿಸಲು ಹೋದಾಗ ಅಂಗಡಿಯವನಿಗೆ ನಮ್ಮ ಗುರುತೇ ಹತ್ತಲಿಲ್ಲ. ಅಂತೂ ಅರ್ಧ ಗಂಟೆ ನಿಂತು ದುಡ್ಡು ವಸೂಲು ಮಾಡಿದೆವು. ಸೈನ್ಯಕ್ಕೆ ಸಾವಿರಾರು ಜಿಪ್ಸಿಗಳು ಹೋಗಿದ್ದುದರಿಂದ ಅಸಲು ಬಿಡಿಭಾಗ ಇನ್ನೂ ಬರುತ್ತದೆಂದು ನಮ್ಮ ನೆರೆಯ ಅಧಿಕಾರಿಗಳು ಧೈರ್ಯ ತುಂಬಿದರು. ಭಾಗದ ಸಂಖ್ಯೆಯನ್ನು ಬರೆದುಕೊಂಡು ಕಂಪನಿಯ ಅಧಿಕೃತ ವ್ಯಾಪಾರಿಯಲ್ಲಿ ಮುಂಗಡ ಕೊಟ್ಟು ಏಳು ವಾರ ಕಾದೆವು. ನಾಲ್ಕು ಕಮಾನು, ರಬ್ಬರ್ ಬುಶ್ಶುಗಳು, ಶ್ಯಾಕಲ್ಲುಗಳು, ಯು-ಬೋಲ್ಟುಗಳು, ನಾಲ್ಕು ಶಾಕ್ ಅಬ್ಸಾರ್ಬರುಗಳು ಬಂದವು. ಎಲ್ಲ ಸೇರಿ ಖರ್ಚಾದದ್ದು ಮಗ ತಂದಿದ್ದ ಕಿಟ್ಟಿನ ದರಪಟ್ಟಿಯ ಅರ್ಧಕ್ಕೂ ಕಡಿಮೆ.

ಕೆಲಸ ನಡೆದದ್ದು ಎರಡು ಭಾನುವಾರ. ಗಾಡಿಯನ್ನು ಚಾಸಿನ ಕೆಳಗೆ ಗಟ್ಟಿ ಕುದುರೆಗಳ ಮೇಲೆ ನಿಲ್ಲಿಸಿ, ಅಚ್ಚನ್ನು ಜಾಕಿನಿಂದ ಆನಿಸಿ, ಒಂದೊಂದೇ ಮೂಲೆ ಬಿಚ್ಚಿದರು. ಜಾಕಿನ ಮೇಲಷ್ಟೇ ನಿಂತ ಗಾಡಿಯ ಕೆಳಗೆ ತಲೆ ಹಾಕಿದ ಮಗನಿಗೆ ಮೇಸ್ತ್ರಿಯಿಂದ ಬಿದ್ದ ಬೈಗುಳ ಇಲ್ಲಿ ಬರೆಯುವಂಥದಲ್ಲ. ಇಪ್ಪತ್ತೈದು ವರ್ಷದ ತುಕ್ಕಿಗೆ ಎರಡು ಬೋಲ್ಟುಗಳು ಬಲಿಯಾದವು, ಕೊಯ್ದೇ ತೆಗೆಯಬೇಕಾಯಿತು. ಅವರು ಕೆಲಸ ಮಾಡುತ್ತ ಹೇಳಿದ ಎರಡು ಮೂರು ಮಾತುಗಳನ್ನು ನಾವು ಅಲ್ಲೇ ಗುರುತು ಹಾಕಿಕೊಂಡೆವು. ಯು-ಬೋಲ್ಟು ಒಮ್ಮೆ ಬಿಗಿದರೆ ಎಳೆದುಕೊಂಡು ಹಿಗ್ಗಿರುತ್ತದೆ, ಹಳೆಯದನ್ನು ಮತ್ತೆ ಹಾಕಕೂಡದು. ಕಟ್ಟಿನ ನಡುಬೋಲ್ಟಿನ ತಲೆ ಅಚ್ಚಿನ ಪೀಠದ ತೂತಿನಲ್ಲಿ ಸರಿಯಾಗಿ ಕೂರದಿದ್ದರೆ ಅಚ್ಚು ಓರೆಯಾಗಿ ಗಾಡಿ ಏಡಿಯ ಹಾಗೆ ನಡೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಕಮಾನಿನ ಕಣ್ಣುಗಳ ಬೋಲ್ಟನ್ನು ಗಾಡಿ ತೂಗುತ್ತಿರುವಾಗ ಪೂರ್ತಿ ಬಿಗಿಯಬಾರದು. ಗಾಲಿ ಹಾಕಿ, ನೆಲಕ್ಕಿಳಿಸಿ, ಒಡಲಿನ ಭಾರ ಕಮಾನಿನ ಮೇಲೆ ಕುಳಿತ ಮೇಲೆಯೇ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರ್ ಬುಶ್ಶು ಸದಾ ತಿರುಚಿಕೊಂಡೇ ಇದ್ದು ಕೆಲವೇ ದಿನಗಳಲ್ಲಿ ಹರಿಯುತ್ತದೆ. ಅವಸರದ ಗ್ಯಾರೇಜುಗಳಲ್ಲಿ ಇದನ್ನು ಪಾಲಿಸುವವರು ಕಡಿಮೆ. ಗಾಡಿಯ ಯಜಮಾನ ಅಲ್ಲಿ ನಿಂತು ಕೇಳುವುದು ಒಳ್ಳೆಯದು.

ಎಲ್ಲ ಮುಗಿದ ಮೇಲೆ ಅಚ್ಚುಗಳನ್ನು ಪೂರ್ತಿ ಕೆಳಗೆ ಜೋತುಬಿಟ್ಟು ಬ್ರೇಕಿನ ರಬ್ಬರ್ ನಳಿಕೆ ಬಿಗಿಯುತ್ತದೆಯೇ ಎಂದು ನೋಡಿದರು, ಸಡಿಲವಾಗಿಯೇ ಇತ್ತು. ಕಂಪನಿಯ ಎತ್ತರಕ್ಕೆ ಕಂಪನಿಯ ನಳಿಕೆ, ಅಷ್ಟೆ. ಇನ್ನೂ ಹೆಚ್ಚು ಏರಿಸುವವರು ಇನ್ನೊಂದನ್ನು ಗಮನಿಸಬೇಕು: ಹಿಂದಿನ ಬ್ರೇಕಿನ ಒತ್ತಡವನ್ನು ಭಾರಕ್ಕೆ ತಕ್ಕಂತೆ ಹೊಂದಿಸುವ ಒಂದು ಕವಾಟ ಕೆಲವು ಗಾಡಿಗಳಲ್ಲಿರುತ್ತದೆ. ಅದು ಒಡಲಿಗೂ ಅಚ್ಚಿಗೂ ಇರುವ ದೂರದಿಂದ ಭಾರವನ್ನು ಊಹಿಸುತ್ತದೆ. ಒಡಲನ್ನು ನಾಲ್ಕು ಅಂಗುಲ ಏರಿಸಿಬಿಟ್ಟರೆ ಗಾಡಿ ಖಾಲಿಯಿದೆಯೆಂದೇ ನಂಬಿ, ಮನೆಮಂದಿಯೆಲ್ಲ ಕುಳಿತಿದ್ದರೂ ಹಿಂದಿನ ಬ್ರೇಕಿಗೆ ಬೇಕಾದಷ್ಟು ಒತ್ತಡ ಕೊಡುವುದಿಲ್ಲ.

ಟೇಪು ಹಿಡಿದೆವು. ಹಿಂದೆ 46 ಮಿಲಿಮೀಟರು, ಮುಂದೆ 31. ಎಡಬಲ ಸಮ. ಐನೂರು ಕಿಲೋಮೀಟರು ಓಡಿದ ಮೇಲೆ ಯು-ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿದು ಅಳೆದಾಗ ಹಿಂದೆ 8 ಮಿಲಿಮೀಟರು ಕುಳಿತಿತ್ತು. ಹೊಸ ಕಮಾನು ಅಷ್ಟು ಕೂರುವುದು ಸಹಜವೇ. ಹಿಂಭಾಗ ಎದ್ದುದರಿಂದ ದೀಪಗಳ ಬೆಳಕು ಕಾಲ ಬುಡಕ್ಕೇ ಬೀಳುತ್ತಿತ್ತು, ಅದನ್ನೂ ತಿದ್ದಿಸಿದೆವು. ಸ್ಟೀರಿಂಗು ಮಾತ್ರ ಕೈಬಿಟ್ಟರೂ ನೇರ ಹೋಗುವಂತಾಯಿತು. ಮಗ ಅದನ್ನು ಒಪ್ಪಿಕೊಳ್ಳಲು ಒಂದು ವಾರ ತೆಗೆದುಕೊಂಡ.

ಕಾನೂನಿನ ಮಾತನ್ನೂ ಇಲ್ಲಿ ಹೇಳಿಬಿಡುವುದು ಒಳಿತು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿ ಹಿಡಿಯಿತು. ಹಳೆಯ ಗಾಡಿಯವರಿಗೆ ಇದು ಬರಿಯ ಪುಸ್ತಕದ ಮಾತಲ್ಲ. ಹದಿನೈದು ವರ್ಷ ಮೀರಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಆಗ ಇನ್‌ಸ್ಪೆಕ್ಟರರ ಮುಂದೆ ಅದು ನಿಲ್ಲಲೇಬೇಕು. ಅಪಘಾತವಾದರೆ ವಿಮೆಯವರು ಕೇಳುವ ಪ್ರಶ್ನೆಗಳೂ ಇವೆ. ಕಂಪನಿಯ ಕಮಾನು ಹಾಕಿದ ನಮಗೆ ಯಾರ ಮುಂದೆಯೂ ತಲೆ ತಗ್ಗಿಸುವ ಪ್ರಸಂಗ ಬರಲಿಲ್ಲ.

ಸಫಾರಿ, ಹಳೆಯ ಪಜೆರೊ, 2010ರ ಥಾರ್ ಇರುವ ಬಂಧುಗಳು "ನಮಗೆ ಮುಂದೆ ಕಮಾನೇ ಇಲ್ಲವಲ್ಲ" ಎನ್ನಬಹುದು. ಅವುಗಳ ಮುಂಭಾಗವನ್ನು ಹೊತ್ತಿರುವುದು ತಿರುಚುವ ಉದ್ದನೆಯ ಉಕ್ಕಿನ ಸರಳು, ಟಾರ್ಷನ್ ಬಾರ್. ಅದರ ತುದಿಯ ಬೋಲ್ಟನ್ನು ತಿರುಗಿಸಿದರೆ ಮೂಗು ಏಳುತ್ತದೆ, ಖರ್ಚಿಲ್ಲ. ಈ ಸುಲಭವೇ ಮೋಸ. ಬೋಲ್ಟು ತಿರುಗಿಸಿದ್ದರಿಂದ ಸರಳಿಗೆ ಹೊಸ ಬಲವೇನೂ ಬರುವುದಿಲ್ಲ; ಗಾಲಿ ಕೆಳಗೆ ಇಳಿಯಲು ಇದ್ದ ಎಡೆಯನ್ನು ತಿಂದು ಎತ್ತರ ಕೊಡುತ್ತದೆ ಅಷ್ಟೆ. ಹಳ್ಳ ಬಂದಾಗ ಗಾಲಿ ಟಕ್ಕೆಂದು ತುದಿಗೆ ಬಡಿಯುತ್ತದೆ, ಕೀಲಿನ ಮೇಲಿನ ರಬ್ಬರ್ ಚೀಲಗಳು ಹರಿಯುತ್ತವೆ. ಕುಸಿದದ್ದನ್ನು ಮೊದಲಿನ ಅಳತೆಗೆ ತರಲು ಒಂದೆರಡು ಸುತ್ತು ತಿರುಗಿಸಿ ಅಲೈನ್‌ಮೆಂಟ್ ಮಾಡಿಸಿಕೊಳ್ಳಿ, ಅದರಾಚೆಗೆ ಆಸೆಪಡಬೇಡಿ.

2024ರ ಜುಲೈಯಲ್ಲಿ ಊರಿಗೆ ಹೋದೆವು. ಮಳೆ ಹಿಂದಿನ ವರ್ಷದಂತೆಯೇ ಇತ್ತು. ಹಲಸಿನ ಮರದ ತಿರುವಿಗೆ ಬಂದಾಗ ಮಗ ಇಳಿದು ಗಾಡಿಯ ಮುಂದೆ ಹಿಮ್ಮುಖವಾಗಿ ನಡೆಯುತ್ತ ಕೈಸನ್ನೆ ಮಾಡಿದ. ದಿಬ್ಬದ ಹುಲ್ಲು ಹೊಟ್ಟೆಗೆ ಸವರಿದ ಸದ್ದು ಕೇಳಿಸಿತು, ಮಣ್ಣು ತಾಗಲಿಲ್ಲ. ಯು-ಬೋಲ್ಟಿನ ತಗಡು ಮಾತ್ರ ಒಂದು ಕಲ್ಲಿಗೆ ಕಿರ್ರೆಂದಿತು. ಅಚ್ಚಿಗಿಂತ ಕೆಳಗಿರುವ ವಸ್ತುವಿಗೆ ಹೊಸ ಕಮಾನಿನಿಂದ ಏನೂ ಲಾಭವಿಲ್ಲವೆಂದು ಆಗಲೇ ಹೇಳಿದ್ದೇವಷ್ಟೆ. ಆ ಕಲ್ಲನ್ನು ಮರುದಿನ ಹಾರೆಯಿಂದ ಎಬ್ಬಿಸಿದೆವು. ನಿಜ ಹೇಳಬೇಕೆಂದರೆ ಆ ರಸ್ತೆಗೆ ನಾಲ್ಕು ದಿನ ಹಾರೆ ಹಿಡಿದು ದಿಬ್ಬ ಕಡಿದಿದ್ದರೆ ಅರ್ಧ ಕಮಾನಿನ ಕೆಲಸ ಅಲ್ಲೇ ಆಗುತ್ತಿತ್ತು.

ಅಮ್ಮನ ಮಣೆಯ ಸಮಸ್ಯೆ ಉಳಿದಿತ್ತು. ಗಾಡಿ ಒಂದೂವರೆ ಅಂಗುಲ ಎದ್ದದ್ದು ಅವರ ಕಾಲಿಗೆ ಗೊತ್ತಾಯಿತು. ಊರಿನ ಆಚಾರಿಯಿಂದ ಹಲಸಿನ ಹಲಗೆಯಲ್ಲಿ ಎರಡು ಮೆಟ್ಟಿಲಿನ ಚಿಕ್ಕ ಪೀಠವೊಂದನ್ನು ಮಾಡಿಸಿದೆವು. ತೂಕ ಕಡಿಮೆ, ಸೀಟಿನ ಕೆಳಗೆ ಕೂರುತ್ತದೆ. ಅದರ ಮೇಲೆ ಕಾಲಿಟ್ಟು, ಕಂಬ ಹಿಡಿದು, ಯಾರೂ ಆನಿಸಿಕೊಳ್ಳದೆ ಅಮ್ಮ ಹತ್ತಿ ಕುಳಿತು ವೈದ್ಯರ ಹತ್ತಿರ ತೋರಿಸಿಕೊಂಡು ಬಂದರು.

ಪುಣೆಗೆ ಹೊರಡುವ ದಿನ ಬೆಳಗ್ಗೆ ಹಿಂದಿನ ಬಾಗಿಲು ತೆರೆದು ನೋಡುತ್ತೇವೆ, ಎರಡು ಮೂಟೆ ತೆಂಗಿನಕಾಯಿ, ಜೋನಿಬೆಲ್ಲದ ಡಬ್ಬಿ, ಹಪ್ಪಳದ ಗಂಟು, ಜೊತೆಗೊಂದು ಬಾಳೆಗೊನೆ ಆಗಲೇ ಒಳಗೆ ಕುಳಿತಿದ್ದವು. ಭಾರದ ವಿಷಯವನ್ನು ಅಮ್ಮನಿಗೆ ವಿವರಿಸಲು ಹೊರಟೆವು. "ಅಷ್ಟು ದುಡ್ಡು ಹಾಕಿ ಗಟ್ಟಿ ಮಾಡಿಸಿದ್ದೀಯಲ್ಲ, ಎರಡು ಮೂಟೆ ತಡೆಯಲ್ವಾ?" ಎಂದರು. ಮಗ ಟೇಪು ತರಲೇ ಎಂದು ಕೇಳಿದ. ಬೇಡವೆಂದು ಹೇಳಿ ಗಾಡಿ ಹತ್ತಿದೆವು.